ಮಗನ ಶಿಕ್ಷಕಿಯರಿಗೆ ಮನೆಯಲ್ಲೇ ಏನು ಮಾಡಿಕೊಡಲಿ? (ಹೋದ ವರ್ಷದ ಸೋಪು ಬೆವರಿತ್ತು)

ಲೆಕ್ಕದಮ್ಮ ಕೇಳಿದ್ದು:

ಮಗನಿಗೆ ನಾಲ್ಕೂವರೆ ವರ್ಷ. ಶಿಶುವಿಹಾರದ ಈ ವರ್ಷ ಮುಗಿಯಲು ಇನ್ನು ಸರಿಯಾಗಿ 22 ದಿನ ಉಳಿದಿವೆ. ಅವನನ್ನು ನೋಡಿಕೊಂಡವರಿಗೆ ಕೈಯಾರೆ ಮಾಡಿದ ಏನಾದರೂ ಕೊಡಬೇಕೆಂಬ ಆಸೆ. ಕೇಳುವ ಮೊದಲು ಹೋದ ವರ್ಷದ ಕಥೆ ಹೇಳಿಬಿಡುತ್ತೇನೆ. ಅದೇ ಸಲಹೆಯನ್ನು ಮತ್ತೆ ಯಾರೂ ಕೊಡದಿರಲಿ.

ಹೋದ ವರ್ಷ ಸೋಪು ಮಾಡಿದೆ. ಕರಗಿಸಿ ಅಚ್ಚಿಗೆ ಹುಯ್ಯುವ ಸಿದ್ಧ ಸೋಪಿನ ಗಟ್ಟಿ ತಂದು, ಮಗ ಮಲಗಿದ ಮೇಲೆ ರಾತ್ರಿ 11ಕ್ಕೆ ಒಲೆ ಹಚ್ಚಿದೆ. ಹೃದಯದ ಆಕಾರದ ಅಚ್ಚು, ಲ್ಯಾವೆಂಡರ್ ಸುವಾಸನೆ, ಮೇಲೆ ಒಣಗಿದ ಹೂವಿನ ದಳ. ಮರುದಿನ ಬೆಳಿಗ್ಗೆ ನೋಡಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಎರಡನೆಯ ದಿನ ಸೋಪಿನ ಮೇಲೆ ಬೆವರ ಹನಿ. ಮೂರನೆಯ ದಿನ ಸುತ್ತಿದ ಕಾಗದ ಅಂಟಿಕೊಂಡಿತು, ನೇರಳೆ ದಳಗಳೆಲ್ಲ ಕುದಿಸಿಟ್ಟ ಚಹಾಪುಡಿಯ ಬಣ್ಣಕ್ಕೆ ತಿರುಗಿದವು. ಬೇರೆ ಮಾಡಲು ಸಮಯವಿರಲಿಲ್ಲ, ಹಾಗೆಯೇ ಕೊಟ್ಟುಬಿಟ್ಟೆವು.

ಸೋಪು ಕೆಟ್ಟದ್ದಾದರೂ ಹೋಗಲಿ. ಶಿಕ್ಷಕಿ ಬಗ್ಗಿ ಅವನ ಮುಖಕ್ಕೆ ಮುಖ ತಂದು, "ಇದರಲ್ಲಿ ಏನಿದೆ, ಪುಟ್ಟ?" ಎಂದು ಕೇಳಿದರು. ಅವನು ಗಂಭೀರವಾಗಿ, "ಗೊತ್ತಿಲ್ಲ. ಮುಟ್ಟಬೇಡ ಎಂದಿದ್ದಾಳೆ ಅಮ್ಮ" ಎಂದ.

ಅದಕ್ಕೇ ಈ ಸಲ ಅವನ ಕೈ ಅದರಲ್ಲಿ ಇರಲೇಬೇಕು. ಆದರೆ ಆ ಕೈ ಎಂಥದ್ದು ಎಂದೂ ಹೇಳಬೇಕಲ್ಲ: ಕತ್ತರಿಯಲ್ಲಿ ನೇರ ಗೆರೆ ಕತ್ತರಿಸಬಲ್ಲ, ತಿರುವು ಬಂದರೆ ಹರಿಯುತ್ತಾನೆ. ತನ್ನ ಹೆಸರು ಬರೆಯುತ್ತಾನೆ, ಅದರ ಒಂದಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಒಂದೇ ಕಡೆ ಕುಳಿತುಕೊಳ್ಳುವುದು ಹೆಚ್ಚೆಂದರೆ 10 ನಿಮಿಷ, ಅದರಲ್ಲಿ ನೀರು ಕುಡಿಯಲು ಎರಡು ಸಲ ಏಳುತ್ತಾನೆ. ಕೊಡಬೇಕಾದವರು ಐದು ಜನ: ತರಗತಿಯ ಶಿಕ್ಷಕಿ, ಸಹಾಯಕ ಶಿಕ್ಷಕಿ, ಹಾಡು ಹೇಳಿಕೊಡುವ ಮೇಷ್ಟ್ರು, ಆಯಾ, ವ್ಯಾನ್ ಚಾಲಕರು. ನನ್ನದು ಲೆಕ್ಕಪತ್ರದ ಕೆಲಸ, ವರ್ಷದ ಈ ಹೊತ್ತಿನಲ್ಲಿ ನನಗೂ ಉಸಿರಾಡಲು ಬಿಡುವಿಲ್ಲ. ಹಾಗಾಗಿ ದಯವಿಟ್ಟು ರಾತ್ರಿ 11ರ ಸಲಹೆಗಳು ಬೇಡ.

ಬೇರುಬಳ್ಳಿ ಬರೆದದ್ದು:

ಮೊದಲು ನಿಮ್ಮ ಸೋಪಿನ ಬೆವರಿನ ವಿಚಾರ, ಏಕೆಂದರೆ ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಅಂಥ ಸಿದ್ಧ ಗಟ್ಟಿಯಲ್ಲಿ ಗ್ಲಿಸರಿನ್ ಜಾಸ್ತಿ ಇರುತ್ತದೆ. ಅದು ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಸೋಪು ತಣ್ಣಗಾದ ಕೂಡಲೇ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಬೇಕು, ಚೆಂದದ ಕಾಗದ ಅದರ ಮೇಲೆ. ಬೇಗ ಗಟ್ಟಿಯಾಗಲೆಂದು ಫ್ರಿಜ್‌ನಲ್ಲಿ ಇಟ್ಟಿದ್ದಿರಾ? ಇಟ್ಟಿದ್ದರೆ ಹೊರತೆಗೆದಾಗ ಇನ್ನಷ್ಟು ಬೆವರುತ್ತದೆ. ದಳಗಳ ಬಗ್ಗೆ: ಸೋಪಿನ ಕ್ಷಾರ ಮತ್ತು ತೇವಕ್ಕೆ ಹೆಚ್ಚಿನ ಹೂಗಳು ಕಂದಿ ಹೋಗುತ್ತವೆ. ಕ್ಯಾಲೆಂಡುಲಾ ದಳ ಮಾತ್ರ ಹಳದಿಯಾಗಿಯೇ ಉಳಿಯುವುದನ್ನು ನಾನು ನೋಡಿದ್ದೇನೆ.

ಈಗ ನಿಮ್ಮ 22 ದಿನ. ಗಿಡ ಕೊಡಿ. ಕೊಂಡ ಗಿಡವಲ್ಲ, ಅವನೇ ಬೇರು ಬರಿಸಿದ್ದು. ಮನಿಪ್ಲಾಂಟ್ ಬಳ್ಳಿ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಎಲೆ ಹುಟ್ಟುವ ಜಾಗದಲ್ಲಿ ಬಳ್ಳಿಗೆ ಒಂದು ಗೆಣ್ಣು ಇರುತ್ತದೆ, ಕಂದು ಬಣ್ಣದ ಸಣ್ಣ ಮೊಳಕೆಯಂತೆ ಕೈಗೂ ಸಿಗುತ್ತದೆ. ಅದರ ಒಂದು ಬೆರಳು ಕೆಳಗೆ ಕತ್ತರಿಸಿ (ನೇರ ಗೆರೆ, ನಿಮ್ಮ ಮಗನಿಗೇ ಬಿಡಿ), ಗೆಣ್ಣು ನೀರಿನೊಳಗೆ, ಎಲೆ ನೀರಿನ ಮೇಲೆ ಇರುವಂತೆ ಪಾರದರ್ಶಕ ಬಾಟಲಿಯಲ್ಲಿ ನಿಲ್ಲಿಸಿ. ಗೆಣ್ಣು ಮುಳುಗದಿದ್ದರೆ ಎಷ್ಟು ದಿನ ಕಾದರೂ ಬೇರು ಬರುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸುವುದು ಅವನ ಕೆಲಸ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಬೇರು ಕಾಣುತ್ತದೆ. ಅಂದರೆ ಇವತ್ತೇ ಕತ್ತರಿಸಬೇಕು, ನಾಳೆ ಎನ್ನಬೇಡಿ. ಐದು ಬೇಕಾದರೆ ಏಳು ಇಡಿ, ಒಂದೆರಡು ಕೊಳೆತೇ ಕೊಳೆಯುತ್ತವೆ.

ನನ್ನ ಮಗಳು ಬೇರು ಎಲ್ಲಿಯವರೆಗೆ ಇಳಿದಿದೆ ಎಂದು ಪ್ರತಿ ಭಾನುವಾರ ಬಾಟಲಿಯ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕುತ್ತಿದ್ದಳು. ಆ ಗೆರೆಗಳನ್ನು ಒರೆಸದೆ ಹಾಗೆಯೇ ಕೊಟ್ಟೆವು.

ನೇರಮಾತು ಬರೆದದ್ದು:

ಯಾರೂ ಹೇಳದ್ದನ್ನು ಹೇಳುತ್ತೇನೆ, ಬೇಸರ ಬೇಡ. ಇವೆಲ್ಲ ಕೊಡುವವರ ಸಂತೋಷಕ್ಕೆ ಮಾಡುವ ವಸ್ತುಗಳು. ತರಗತಿಯಲ್ಲಿ 25 ಮಕ್ಕಳಿದ್ದರೆ 25 ಗಿಡ, 25 ಸೋಪು, 25 ಚಿತ್ತಾರದ ಲೋಟ. ಅವರು ಎಲ್ಲಿಡಬೇಕು? ಪೋಷಕರೆಲ್ಲ ಸ್ವಲ್ಪ ಸ್ವಲ್ಪ ಸೇರಿಸಿ ಅವರಿಗೆ ಬೇಕಾದ್ದನ್ನು ಕೊಳ್ಳಲು ಬಿಡಿ. ನಿಮ್ಮ ಕೆಲಸವೂ ಉಳಿಯುತ್ತದೆ.

ಲೆಕ್ಕದಮ್ಮ ಬರೆದದ್ದು:

ನೇರಮಾತು ಅವರೇ, ಪೋಷಕರ ಗುಂಪಿನಲ್ಲಿ ಹಣ ಸೇರಿಸುವ ಕೆಲಸ ಆಗಲೇ ನನ್ನ ತಲೆಗೆ ಬಂದಾಗಿದೆ, ಲೆಕ್ಕದವಳು ಎಂಬ ಕಾರಣಕ್ಕೆ. ಅದು ಅದರ ಪಾಡಿಗೆ ನಡೆಯುತ್ತಿದೆ. ಆದರೆ ಅದರಲ್ಲಿ ನನ್ನ ಮಗ ಎಲ್ಲಿದ್ದಾನೆ? ಅವನಿಗೆ ಗೊತ್ತಿರುವುದು ಅಮ್ಮ ಮೊಬೈಲ್ ನೋಡಿ ನಿಟ್ಟುಸಿರು ಬಿಡುತ್ತಾಳೆ ಎಂಬುದಷ್ಟೇ.

ಜಾಗದ ಮಾತು ಮಾತ್ರ ನಾಟಿತು. ಅಂಗೈಗಿಂತ ದೊಡ್ಡದೇನನ್ನೂ ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ಬೇರುಬಳ್ಳಿ ಅವರೇ, ಹೌದು, ಫ್ರಿಜ್‌ನಲ್ಲಿ ಇಟ್ಟಿದ್ದೆ.

ಕರಿಹಲಗೆ ಬರೆದದ್ದು:

ನಾನು ಶಿಕ್ಷಕಿ. ಮೂರರಿಂದ ಆರು ವರ್ಷದ ಮಕ್ಕಳ ಜೊತೆ 19 ವರ್ಷ ಕಳೆದಿದ್ದೇನೆ. ಈ ಪ್ರಶ್ನೆಗೆ ಶಿಕ್ಷಕಿಯರು ಬಾಯಿ ಬಿಟ್ಟು ನಿಜ ಹೇಳುವುದು ಕಷ್ಟ. ಇಲ್ಲಿ ನನ್ನ ಹೆಸರಿಲ್ಲವಲ್ಲ, ಹೇಳುತ್ತೇನೆ.

ಸುವಾಸನೆಯ ಮೇಣದಬತ್ತಿ ನನಗೆ ತಲೆನೋವು ತರುತ್ತದೆ. ಮನೆಯಲ್ಲಿ ಮಾಡಿದ ತಿನಿಸು ಬಂದರೆ ಕಣ್ಣರಳಿಸಿ ತೆಗೆದುಕೊಳ್ಳುತ್ತೇನೆ, ಆದರೆ ನನಗೆ ಕಡಲೆಕಾಯಿ ಆಗುವುದಿಲ್ಲ, ಒಳಗೆ ಏನಿದೆಯೋ ತಿಳಿಯದೆ ತಿನ್ನುವ ಧೈರ್ಯ ಬರುವುದಿಲ್ಲ. ಮನೆಯಲ್ಲಿ ಕಲಸಿದ ಕೈಗೆ ಹಚ್ಚುವ ಲೋಷನ್ ಒಂದು ಸಲ ಬಂತು. ನೀರು ಸೇರಿದ್ದು, ಕೆಡದಂತೆ ತಡೆಯುವುದೇನೂ ಹಾಕಿರಲಿಲ್ಲ. ಮೂರನೆಯ ವಾರ ಮುಚ್ಚಳ ತೆಗೆದರೆ ಬೂಷ್ಟು. ಲೋಟಗಳ ಲೆಕ್ಕ ಕೇಳಬೇಡಿ.

ಗಿಡ ಒಳ್ಳೆಯದು, ಆದರೆ ಬೇರುಬಳ್ಳಿ ಅವರ ಮಾತಿಗೆ ಒಂದು ತಿದ್ದುಪಡಿ. ಮನಿಪ್ಲಾಂಟ್ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿಯಂಥ ಹರಳುಗಳಿರುತ್ತವೆ. ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಬೆಕ್ಕು ನಾಯಿಗೂ ಅಷ್ಟೇ. ನಾವು ಬಂದ ಗಿಡವನ್ನು ತರಗತಿಯ ಕಿಟಕಿಯಲ್ಲಿ ಇಡುತ್ತೇವೆ, ಮತ್ತು ಪ್ರತಿ ವರ್ಷ ಕೈಗೆ ಸಿಕ್ಕಿದ್ದನ್ನೆಲ್ಲ ರುಚಿ ನೋಡುವ ಒಬ್ಬ ಮಹಾನುಭಾವ ಇದ್ದೇ ಇರುತ್ತಾನೆ. ಅದರ ಬದಲು ಸ್ಪೈಡರ್ ಪ್ಲಾಂಟ್ ಇಡಿ. ಹಸಿರು ಅಂಚು, ನಡುವೆ ಬಿಳಿ ಪಟ್ಟೆಯ ಉದ್ದ ಎಲೆ, ಉದ್ದ ಕಡ್ಡಿಯ ತುದಿಯಲ್ಲಿ ಮರಿಗಳು ಜೋತಾಡುತ್ತಿರುತ್ತವೆ. ಅದು ವಿಷವಲ್ಲ. ಮರಿಯ ಬುಡದಲ್ಲಿ ಬೇರಿನ ಸಣ್ಣ ಮೊಗ್ಗು ಆಗಲೇ ಇರುವುದರಿಂದ ಇನ್ನೂ ಬೇಗ ಇಳಿಯುತ್ತದೆ. ಬುಡ ಮಾತ್ರ ನೀರಿಗೆ ತಾಗಬೇಕು, ಎಲೆ ಮುಳುಗಿದರೆ ಕೊಳೆಯುತ್ತದೆ.

ಇನ್ನು ನಾನು ಇಟ್ಟುಕೊಂಡಿರುವುದು. ನನ್ನ ಬೀರುವಿನ ಬಾಗಿಲ ಒಳಬದಿಯಲ್ಲಿ 12 ವರ್ಷದಿಂದ ಒಂದು ಚೀಟಿ ಅಂಟಿಕೊಂಡಿದೆ. ದೊಡ್ಡ ದುಂಡು ಮುಖ, ಮುಖದಿಂದಲೇ ಇಳಿದ ಎರಡು ಕಾಲು. ಹಿಂದೆ ತಾಯಿಯ ಕೈಬರಹ: "ಮಿಸ್ ಯಾವಾಗಲೂ ಎರಡು ಸಲ ಸೀನುತ್ತಾರೆ. ನಾನು ಎರಡನೆಯದಕ್ಕೆ ಕಾಯುತ್ತೇನೆ." ಅಷ್ಟೇ. ನಾನು ಎರಡು ಸಲ ಸೀನುತ್ತೇನೆ ಎಂಬುದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಆ ಮುಖ ಮತ್ತು ಕಾಲಿನ ಚಿತ್ರದ ಬಗ್ಗೆ ಒಂದು ಮಾತು, ಇದು ನನ್ನ ಕಸುಬು. ಮೂರು ನಾಲ್ಕು ವರ್ಷದ ಮಕ್ಕಳು ಮನುಷ್ಯನನ್ನು ಹೀಗೆ ಬರೆಯುತ್ತಾರೆ: ತಲೆ, ಅದಕ್ಕೇ ಕಾಲು, ಕೆಲವೊಮ್ಮೆ ಕಿವಿ ಇರುವ ಕಡೆಯಿಂದ ಕೈ. ಥೇಟ್ ಗೊದಮೊಟ್ಟೆ. ಕ್ರಮೇಣ ಹೊಟ್ಟೆ ಬರುತ್ತದೆ, ಕತ್ತು ಬರುತ್ತದೆ, ಐದು ಬೆರಳು ಬರುತ್ತವೆ. ಒಮ್ಮೆ ಹೊಟ್ಟೆ ಬಂದಮೇಲೆ ಗೊದಮೊಟ್ಟೆ ಹೋದಂತೆಯೇ. ನಿಮ್ಮ ಮಗನಿಗೆ ನಾಲ್ಕೂವರೆ, ಬಹುಶಃ ಅವನು ಈಗ ಹೊಸ್ತಿಲಿನಲ್ಲಿದ್ದಾನೆ. ಐದು ಜನರನ್ನೂ ಅವನಿಂದ ಬರೆಸಿ. ಒಂದು ಸಲಕ್ಕೆ ಒಬ್ಬರು, ದಿನಕ್ಕೆ ಒಬ್ಬರಿಗಿಂತ ಹೆಚ್ಚು ಬೇಡ. "ಕೈ ಎಲ್ಲಿ?" ಎಂದು ಕೇಳಬೇಡಿ. ಬರೆದಾದಮೇಲೆ "ಇವರ ಬಗ್ಗೆ ಏನಾದರೂ ಹೇಳು" ಎಂದು ಸುಮ್ಮನಾಗಿ. ಹೇಳಿದ್ದನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಿ. "ಮಿಸ್ ತುಂಬಾ ಒಳ್ಳೆಯವರು" ಎಂದು ನೀವು ಹೇಳಿಸಿದರೆ ನಮಗೆ ಕೂಡಲೇ ತಿಳಿಯುತ್ತದೆ.

ಆಯಾ ಅವರನ್ನು ಪಟ್ಟಿಯಲ್ಲಿ ಸೇರಿಸಿದ್ದೀರಿ, ಸಂತೋಷ. ಒಂದು ವರ್ಷ ಒಂದು ಮನೆಯವರು ನಮಗೆಲ್ಲ ತಂದರು, ಅವರಿಗೆ ತರಲಿಲ್ಲ. ಆ ಮಗುವಿನ ಒದ್ದೆ ಚಡ್ಡಿಯನ್ನು ವರ್ಷವಿಡೀ ಬದಲಿಸಿದವರು ಅವರು. ನಮ್ಮ ಉಡುಗೊರೆಯ ಚೀಲಗಳನ್ನು ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದರು.

ಸೂಜಿದಾರ ಬರೆದದ್ದು:

ಮೇಲಿನ ಟೀಚರ್ ಹೇಳಿದ ಚಿತ್ರಗಳನ್ನು ಬಟ್ಟೆಯ ಮೇಲೆ ತರಬಹುದು. ನಾನು ಮಗಳ ಚಿತ್ರವನ್ನು ಕಸೂತಿ ಮಾಡಿದ ಅಪ್ಪ, ಹಾಗಾಗಿ ಅನುಭವದಿಂದ ಹೇಳುತ್ತಿದ್ದೇನೆ: ಐದನ್ನು ಕಸೂತಿ ಮಾಡಲು ಹೋಗಬೇಡಿ. ಅಂಗೈ ಅಗಲದ ಒಂದು ಚಿತ್ರಕ್ಕೆ ನನಗೆ ಎರಡು ಸಂಜೆ ಹಿಡಿಯಿತು. ದಾರದ ಆರು ಎಳೆಗಳಲ್ಲಿ ಎರಡನ್ನಷ್ಟೇ ಬಿಡಿಸಿಕೊಂಡು ಹೊಲಿದರೆ ಮಗುವಿನ ಪೆನ್ಸಿಲ್ ಗೆರೆಯ ನಡುಕ ಹಾಗೇ ಉಳಿಯುತ್ತದೆ, ದಪ್ಪ ದಾರದಲ್ಲಿ ಅದು ಸತ್ತುಹೋಗುತ್ತದೆ. ಚೆನ್ನಾಗಿ ಬಂತು, ಒಪ್ಪುತ್ತೇನೆ. ಆದರೆ ಅದು ರಾತ್ರಿ 11ರ ಕೆಲಸವೇ.

ಬದಲಿಗೆ ಬಟ್ಟೆಗೆಂದೇ ಇರುವ ಮಾರ್ಕರ್ ಪೆನ್ನನ್ನು ಅವನ ಕೈಗೇ ಕೊಡಿ. ಬಿಳಿ ಹತ್ತಿಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿ, ಇಲ್ಲದಿದ್ದರೆ ಗಂಜಿಯ ಮೇಲೆ ಕೂತ ಬಣ್ಣ ಮೊದಲ ಒಗೆತಕ್ಕೇ ಮಸುಕಾಗುತ್ತದೆ. ಇನ್ನೊಂದು ಸಣ್ಣ ಗುಟ್ಟು: ಬಟ್ಟೆಯನ್ನು ರಟ್ಟಿನ ಮೇಲೆ ಬಿಗಿಯಾಗಿ ಎಳೆದು ನಾಲ್ಕೂ ಬದಿಗೆ ಟೇಪು ಹಚ್ಚಿ. ಬಟ್ಟೆ ಜರುಗಿದರೆ ಮಕ್ಕಳಿಗೆ ಸಿಟ್ಟು ಬರುತ್ತದೆ, ಅಲ್ಲಿಗೆ ನಿಮ್ಮ 10 ನಿಮಿಷ ಮುಗಿಯಿತು. ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಬಣ್ಣ ಕೂರುತ್ತದೆ. ಇಸ್ತ್ರಿ ಎಷ್ಟು ಹೊತ್ತು ಎಂಬುದು ಪೆನ್ನಿನ ಪೊಟ್ಟಣದ ಮೇಲೆ ಇರುತ್ತದೆ.

ಲೆಕ್ಕದಮ್ಮ ಬರೆದದ್ದು (9 ದಿನಗಳ ನಂತರ):

ಸ್ಪೈಡರ್ ಪ್ಲಾಂಟ್ ಮರಿಗಳು ಪಕ್ಕದ ಮನೆಯಲ್ಲಿ ಸಿಕ್ಕವು, ಏಳು. ಏಳು ಸಣ್ಣ ಗಾಜಿನ ಬಾಟಲಿಗಳು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಂತಿವೆ. ಆರರಲ್ಲಿ ಬೇರು ಬಿಟ್ಟಿದೆ, ಒಂದನ್ನು ಅವನು ದಿನಕ್ಕೆ ನಾಲ್ಕು ಸಲ ಹೊರಗೆಳೆದು ನೋಡಿ ನೋಡಿ ಮುಗಿಸಿದ. ನೀರು ಬದಲಿಸುವಾಗ ನೆಲವೆಲ್ಲ ಒದ್ದೆ, ಹೇಳುವುದೇ ಬೇಡ.

ಬಟ್ಟೆ ಬಿಟ್ಟೆ, ಸೂಜಿದಾರ ಅವರೇ, ಕ್ಷಮಿಸಿ. ದಪ್ಪ ಕಾಗದದ ಚೀಟಿಯಲ್ಲಿ ಬರೆಸಿ ಬಾಟಲಿಯ ಕತ್ತಿಗೆ ದಾರದಲ್ಲಿ ಕಟ್ಟುತ್ತಿದ್ದೇವೆ. ರಟ್ಟಿಗೆ ಟೇಪು ಹಚ್ಚುವ ಗುಟ್ಟನ್ನು ಮಾತ್ರ ಕಾಗದಕ್ಕೂ ಬಳಸಿದೆ, ಕೆಲಸ ಮಾಡಿತು.

ಚಿತ್ರಗಳ ವಿಷಯ ಹೇಳಲೇಬೇಕು. ಟೀಚರ್ ಹೇಳಿದಂತೆ ನಾನು ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ, ಸುಲಭವಾಗಿರಲಿಲ್ಲ.

ತರಗತಿಯ ಶಿಕ್ಷಕಿ ಶುದ್ಧ ಗೊದಮೊಟ್ಟೆ. ಒಂದು ಕೈ ಮಾತ್ರ ಇದೆ, ಅದು ಮುಖಕ್ಕಿಂತ ದೊಡ್ಡದು. ಹೇಳಿದ್ದು: "ಇವರಿಗೆ ನನ್ನ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಬರುತ್ತದೆ." ಆ ಮುಚ್ಚಳ ಬಿಗಿ ಎಂದು ಅವನು ಇಡೀ ವರ್ಷ ನನಗೆ ಹೇಳಿರಲಿಲ್ಲ.

ಸಹಾಯಕ ಶಿಕ್ಷಕಿಗೆ ಹೊಟ್ಟೆ ಬಂದಿದೆ! ಮೊಟ್ಟಮೊದಲ ಹೊಟ್ಟೆ, ಅದರ ಮೇಲೆ ಮೂರು ಗುಂಡಿ. ಹೇಳಿಕೆ ಏನೂ ಇಲ್ಲ, ಗುಂಡಿ ಎಣಿಸಿ ತೋರಿಸಿ ಎದ್ದುಹೋದ. ಚೀಟಿಯ ಹಿಂದೆ "ಒಂದು, ಎರಡು, ಮೂರು" ಎಂದು ಬರೆದಿದ್ದೇನೆ.

ಹಾಡಿನ ಮೇಷ್ಟ್ರು: "ಇವರ ಚಪ್ಪಲಿಯೂ ಹಾಡುತ್ತದೆ."

ವ್ಯಾನ್ ಚಾಲಕರ ಚಿತ್ರದಲ್ಲಿ ಒಂದು ದುಂಡು, ಒಳಗೆಲ್ಲ ಕಪ್ಪು ಗೀಚು, ಎರಡು ಬದಿಗೆ ಕಿವಿ. ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಇನ್ನೇನು ಕೇಳಿಬಿಡುತ್ತಿದ್ದೆ, ಅಷ್ಟರಲ್ಲಿ ಹೊಳೆಯಿತು. ಅವನು ಕೂರುವುದು ಅವರ ಬೆನ್ನ ಹಿಂದಿನ ಸೀಟಿನಲ್ಲಿ. ದಿನಕ್ಕೆ ಎರಡು ಹೊತ್ತು ಅವನು ಕಾಣುವುದು ಅವರ ತಲೆಯ ಹಿಂಭಾಗವನ್ನು.

ಆಯಾ ಅವರನ್ನು ಬರೆಯಲು ಎರಡು ದಿನ ತೆಗೆದುಕೊಂಡ. ಸೊಂಟದ ಕೀಲಿಗೊಂಚಲಿನ ಒಂದೊಂದು ಕೀಲಿಯನ್ನೂ ಬಿಡಿಸಿದ್ದಾನೆ. ಹೇಳು ಎಂದರೆ ಬಹಳ ಹೊತ್ತು ಸುಮ್ಮನಿದ್ದು, "ಇವರು ಯಾರಿಗೂ ಹೇಳುವುದಿಲ್ಲ" ಎಂದ. ಏನನ್ನು ಎಂದು ನಾನು ಕೇಳಲೇ?

ಕರಿಹಲಗೆ ಬರೆದದ್ದು:

ಕೇಳಬೇಡಿ.

ಬೇರುಬಳ್ಳಿ ಬರೆದದ್ದು:

ಮನಿಪ್ಲಾಂಟ್ ವಿಷಯದ ತಿದ್ದುಪಡಿ ಒಪ್ಪಿದೆ, ನಮ್ಮ ಮನೆಯ ಬಳ್ಳಿಯನ್ನೂ ಎತ್ತರಕ್ಕೆ ಏರಿಸಿದೆ. ಲೆಕ್ಕದಮ್ಮ ಅವರೇ, ಒಯ್ಯುವ ದಿನ ಬಾಟಲಿಯಲ್ಲಿ ನೀರು ಕಾಲು ಭಾಗ ಸಾಕು, ಬೇರು ತೇವವಾಗಿದ್ದರೆ ಆಯಿತು. ಬಾಯಿಗೆ ಸ್ವಲ್ಪ ಒದ್ದೆ ಹತ್ತಿ ತುರುಕಿ. ಮಗು ಕುಣಿದುಕೊಂಡೇ ಒಯ್ಯುತ್ತದೆ, ನಡೆದುಕೊಂಡಲ್ಲ.

ಲೆಕ್ಕದಮ್ಮ ಬರೆದದ್ದು (ಕೊಟ್ಟ ದಿನ ಸಂಜೆ):

ಕೊಟ್ಟಾಯಿತು. ಹತ್ತಿ ತುರುಕಿದ್ದು ಒಳ್ಳೆಯದಾಯಿತು, ಕುಣಿದ. ಕೀಲಿಗಳ ಚೀಟಿಯನ್ನು ಆಯಾ ಓದಿ ನನ್ನ ಮುಖ ನೋಡಿದರು, ನಾನು ಏನೂ ತಿಳಿಯದವಳಂತೆ ಬೇರೆ ಕಡೆ ನೋಡಿದೆ. ವ್ಯಾನ್ ಚಾಲಕರು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮಗ ತಾನೇ, "ಅದು ನೀವು" ಎಂದು ವಿವರಿಸಿದ. ಅವರು ಕೈ ಎತ್ತಿ ತಲೆಯ ಹಿಂಭಾಗವನ್ನು ಒಮ್ಮೆ ಸವರಿಕೊಂಡರು.

ಒಂದು ಪ್ರಶ್ನೆ ಉಳಿದಿದೆ. ಆರನೆಯ ಬಾಟಲಿ ಮಿಕ್ಕಿದೆಯಲ್ಲ, ಅದನ್ನು ಹೋದ ವರ್ಷದ ತರಗತಿಯ ಶಿಕ್ಷಕಿಗೆ ಕೊಡಬೇಕಂತೆ, ಸೋಪು ಪಡೆದವರಿಗೆ. "ಅದು ಅಮ್ಮನದು, ಇದು ನನ್ನದು ಎಂದು ಹೇಳುತ್ತೇನೆ" ಎನ್ನುತ್ತಿದ್ದಾನೆ. ಹಾಗೆ ವರ್ಷ ಕಳೆದಮೇಲೆ ಕೊಡುವುದು ಸರಿಯೇ?

ಕರಿಹಲಗೆ ಬರೆದದ್ದು:

ಧಾರಾಳವಾಗಿ ಕೊಡಿ. ಸೋಪು ಏನಾಯಿತು ಎಂದು ಮಾತ್ರ ಅವರನ್ನು ಕೇಳಬೇಡಿ.